ಗೀರು ಎಲ್ಲಿಗೆ ಹೋಯಿತು? - ಕಾರಿನ ಹೊಳಪಿನ ಹಿಂದಿನ ಚರಿತ್ರೆ

ನಾಲ್ಕೈದು ವರ್ಷ ಹಳೆಯದಾದ ಕಾರೊಂದರ ಬಾನೆಟ್ಟನ್ನು ಬಿಸಿಲಿನಲ್ಲಿ ಒಮ್ಮೆ ಗಮನವಿಟ್ಟು ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನವಿರಾದ ವೃತ್ತಾಕಾರದ ಗೀರುಗಳು ಕಾಣಿಸುತ್ತವೆ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಬಲೆಯೂ ನಿಮ್ಮೊಂದಿಗೇ ಸರಿಯುತ್ತದೆ! ಗೀರುಗಳು ನಿಜವಾಗಿಯೂ ವೃತ್ತಾಕಾರವಾಗಿದ್ದರೆ ಹೀಗೆ ಜಾಗ ಬದಲಿಸಲು ಸಾಧ್ಯವೇ?

ಸಾಧ್ಯವಿಲ್ಲ. ಬಾನೆಟ್ಟಿನ ಮೇಲೆ ಎಲ್ಲ ದಿಕ್ಕುಗಳಲ್ಲೂ ಅಸಂಖ್ಯ ಗೀರುಗಳಿರುತ್ತವೆ. ಪ್ರತಿಯೊಂದು ಗೀರೂ ಬೆಳಕನ್ನು ಮುಖ್ಯವಾಗಿ ತನ್ನ ಉದ್ದಕ್ಕೆ ಅಡ್ಡಲಾಗಿ ಚದರಿಸುತ್ತದೆ. ಹೀಗಾಗಿ ಸೂರ್ಯನ ಪ್ರತಿಬಿಂಬಕ್ಕೆ ಎಳೆದ ಗೆರೆಗೆ ಲಂಬವಾಗಿರುವ ಗೀರುಗಳು ಮಾತ್ರ ನಿಮ್ಮ ಕಣ್ಣಿಗೆ ಬೆಳಕನ್ನು ಕಳಿಸುತ್ತವೆ, ಉಳಿದವು ಕಾಣುವುದಿಲ್ಲ. ಕಂಡ ತುಣುಕುಗಳನ್ನು ಕಣ್ಣು ಜೋಡಿಸಿಕೊಂಡು ವೃತ್ತವಾಗಿ ಗ್ರಹಿಸುತ್ತದೆ. ಗೀರು ಬಿದ್ದ ಕನ್ನಡಕ, ಮೊಬೈಲ್ ಪರದೆಗಳಲ್ಲೂ ಇದನ್ನು ನೋಡಬಹುದು.

ಈಗ ಆ ಬಾನೆಟ್ಟಿಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆವೆನ್ನಿ. ಬಲೆ ಮಾಯವಾಗುತ್ತದೆ, ಮೇಲ್ಮೈ ಕನ್ನಡಿಯಂತಾಗುತ್ತದೆ. ಹಾಗಾದರೆ ಗೀರು ಎಲ್ಲಿಗೆ ಹೋಯಿತು? ಮೂರು ಉತ್ತರಗಳು ಸಾಧ್ಯ. ಸುತ್ತಲಿನ ಪದಾರ್ಥ ಗೀರಿನ ತಳದವರೆಗೂ ಸವೆದು ಹೋಗಿರಬಹುದು. ಮೇಲ್ಮೈಯ ಪದಾರ್ಥವೇ ಹರಿದು ಬಂದು ಗೀರನ್ನು ಮುಚ್ಚಿರಬಹುದು. ಅಥವಾ ಹಚ್ಚಿದ ವಸ್ತು ಗೀರಿನೊಳಗೆ ತುಂಬಿಕೊಂಡಿರಬಹುದು. ಸವೆಯಿತೋ, ಮುಚ್ಚಿತೋ, ತುಂಬಿತೋ? ಈ ಸರಳ ಪ್ರಶ್ನೆ ಭೌತವಿಜ್ಞಾನಿಗಳನ್ನು ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಕಾಡಿತು. ಮನೆಯಲ್ಲಿ ಕಾರಿನ ಹೊಳಪನ್ನು ಮರಳಿ ತರಲು ಹೊರಟವರಿಗೂ ಇದರ ಉತ್ತರ ಗೊತ್ತಿರಬೇಕು. ಏಕೆ ಎಂಬುದನ್ನು ಮುಂದೆ ನೋಡೋಣ.

ಹೊಳಪು ಎಂದರೇನು?

ನಯವಾದ ಮೇಲ್ಮೈ ಹೊಳೆಯುತ್ತದೆ, ಒರಟಾದದ್ದು ಮಂಕಾಗಿರುತ್ತದೆ. ಆದರೆ ಎಷ್ಟು ನಯವಾಗಿದ್ದರೆ ಸಾಕು? ಇದಕ್ಕೆ ರೇಲೀ ಅವರ ಹೆಸರಿನ ಒಂದು ಅಳತೆಗೋಲಿದೆ. ಬೆಳಕು ನೇರವಾಗಿ, ಅಂದರೆ ಮೇಲ್ಮೈಗೆ ಲಂಬವಾಗಿ ಬಿದ್ದಾಗ, ಉಬ್ಬುತಗ್ಗುಗಳ ಎತ್ತರ ತರಂಗಾಂತರದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಮೇಲ್ಮೈ ನಯವೆನಿಸಿಕೊಳ್ಳುತ್ತದೆ. ಹಸಿರು ಬೆಳಕಿನ ತರಂಗಾಂತರ ಸುಮಾರು 0.55 ಮೈಕ್ರೋಮೀಟರ್. (ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.) ಅದರ ಎಂಟನೆಯ ಒಂದು ಭಾಗ ಸುಮಾರು 0.07 ಮೈಕ್ರೋಮೀಟರ್. ಬೆಳಕು ಓರೆಯಾಗಿ ಬಿದ್ದಷ್ಟೂ ಈ ಮಿತಿ ಸಡಿಲವಾಗುತ್ತದೆ. ಪತನ ಕೋನ 80 ಡಿಗ್ರಿಯಾದರೆ ಸುಮಾರು 0.4 ಮೈಕ್ರೋಮೀಟರಿನ ಒರಟುತನವನ್ನೂ ಬೆಳಕು 'ಕ್ಷಮಿಸುತ್ತದೆ'. ಮಂಕಾದ ಕಾರು ಕೂಡ ಓರೆನೋಟಕ್ಕೆ ಹೊಳೆಯುವುದು ಇದರಿಂದಲೇ.

ಅಂದರೆ ಹೊಳಪು ಎಂಬುದು ಮೇಲ್ಮೈಗೆ ಹೊರಗಿನಿಂದ ಬಳಿಯುವ ಗುಣವಲ್ಲ. ಅದು ಉಬ್ಬುತಗ್ಗುಗಳಿಗೂ ಬೆಳಕಿನ ತರಂಗಾಂತರಕ್ಕೂ ಇರುವ ಅನುಪಾತ.

ಹುಕ್, ನ್ಯೂಟನ್ ಮತ್ತು ಸೂಕ್ಷ್ಮವಾದ ಗೀರುಗಳು

ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ 'ಮೈಕ್ರೋಗ್ರಾಫಿಯಾ' ಗ್ರಂಥದ ಆರಂಭದಲ್ಲೇ ಕ್ಷೌರದ ಕತ್ತಿಯೊಂದು ಬರುತ್ತದೆ. ಬರಿಗಣ್ಣಿಗೆ ನುಣುಪಾಗಿ ಮಿನುಗುವ ಅದರ ಅಲಗು ಸೂಕ್ಷ್ಮದರ್ಶಕದಡಿ ಉಬ್ಬುತಗ್ಗು, ಗೀರುಗಳಿಂದ ತುಂಬಿತ್ತು. ನಯವೆಂಬುದು ನೋಡುವ ಕಣ್ಣನ್ನು ಅವಲಂಬಿಸಿದೆ ಎಂಬ ಪಾಠ ಅದು.

ಐಸಾಕ್ ನ್ಯೂಟನ್ ಈ ಪಾಠವನ್ನು ಕೈಯಾರೆ ಕಲಿತವರು. ಪ್ರತಿಫಲನ ದೂರದರ್ಶಕಕ್ಕಾಗಿ ಲೋಹದ ದರ್ಪಣವನ್ನು ಅವರೇ ಎರಕ ಹೊಯ್ದು, ಅವರೇ ಉಜ್ಜಿ ಹೊಳಪು ತಂದರು. ತಾಮ್ರದ ತಟ್ಟೆಯ ಮೇಲೆ ತೆಳುವಾಗಿ ರಾಳ ಹರಡಿ, ತವರದ ಆಕ್ಸೈಡಿನ ನುಣ್ಣನೆಯ ಪುಡಿ ಹಾಕಿ ದರ್ಪಣವನ್ನು ತೀಡುವ ಈ ಕ್ರಮವನ್ನು 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ವಿವರಿಸಿದ್ದಾರೆ. ಅದೇ ಗ್ರಂಥದಲ್ಲಿ ಅವರ ಅಭಿಪ್ರಾಯವೂ ಸ್ಪಷ್ಟವಾಗಿದೆ: ಪುಡಿಯಿಂದ ತಿಕ್ಕಿದರೆ ಗಾಜಿನ ಕಣಕಣವೂ ಸಮತಟ್ಟಾಗುವುದಿಲ್ಲ, ದೊಡ್ಡ ಗೀರುಗಳ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗೀರುಗಳು ಬರುತ್ತವೆ, ಅಷ್ಟೆ. ಹಾಗಿದ್ದರೆ ಒರಟಾಗಿ ತೇಯುವುದಕ್ಕೂ ಹೊಳಪು ಕೊಡುವುದಕ್ಕೂ ವ್ಯತ್ಯಾಸ ಕಣದ ಗಾತ್ರದ್ದು ಮಾತ್ರ. ನಮ್ಮ ಮೂರು ಉತ್ತರಗಳಲ್ಲಿ ನ್ಯೂಟನ್ ಆಯ್ದುಕೊಂಡದ್ದು ಮೊದಲನೆಯದನ್ನು: ಸವೆತ.

ರೇಲೀ ಕಂಡ ಶಿಖರಗಳು

ಸುಮಾರು ಇನ್ನೂರು ವರ್ಷಗಳ ಬಳಿಕ ಲಾರ್ಡ್ ರೇಲೀ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. 1901ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಹೊಳಪನ್ನೇ ವಿಷಯವಾಗಿಸಿಕೊಂಡು ಉಪನ್ಯಾಸ ಕೊಟ್ಟರು. ತೇಯ್ದ ಗಾಜಿಗೆ ಹೊಳಪು ಕೊಡುತ್ತಾ ನಡುನಡುವೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಒಂದು ವಿಚಿತ್ರ ಕಂಡಿತ್ತು. ನ್ಯೂಟನ್ ಹೇಳಿದಂತಾದರೆ ಇಡೀ ಮೇಲ್ಮೈ ಹಂತಹಂತವಾಗಿ ನಯವಾಗುತ್ತಾ ಹೋಗಬೇಕು. ಹಾಗಾಗುತ್ತಿರಲಿಲ್ಲ. ಉಬ್ಬುಗಳ ತುದಿಗಳು ಮೊದಲ ಕ್ಷಣದಿಂದಲೇ ಪೂರ್ಣ ಹೊಳಪು ಪಡೆಯುತ್ತಿದ್ದವು. ಆ ಹೊಳೆವ ತೇಪೆಗಳು ಹಿಗ್ಗುತ್ತಾ ಹೋಗಿ ತಗ್ಗುಗಳು ಕುಗ್ಗುತ್ತಿದ್ದವು. ಹೊಳೆವ ಭಾಗದಲ್ಲಿ ಎಷ್ಟು ಹುಡುಕಿದರೂ ಚಿಕ್ಕ ಗೀರುಗಳಿರಲಿಲ್ಲ.

ಇಲ್ಲಿ ಪದಾರ್ಥ ತುಣುಕು ತುಣುಕಾಗಿ ಕಿತ್ತುಬರುತ್ತಿಲ್ಲ, ಹೆಚ್ಚುಕಡಿಮೆ ಅಣುಗಳ ಮಟ್ಟದಲ್ಲೇ ಕಳಚಿಹೋಗುತ್ತಿದೆ ಎಂದು ರೇಲೀ ಊಹಿಸಿದರು. ತೇಯುವುದೂ ಹೊಳಪು ಕೊಡುವುದೂ ಒಂದೇ ಕ್ರಿಯೆಯ ಎರಡು ಹಂತಗಳಲ್ಲ, ಬೇರೆಬೇರೆ ಕ್ರಿಯೆಗಳು ಎಂಬ ಸಂದೇಹ ಇಲ್ಲಿಂದ ಬಲವಾಯಿತು.

ಬೀಲ್ಬಿಯ ಪದರ

ಇದೇ ಹೊತ್ತಿಗೆ ಬ್ರಿಟನ್ನಿನ ರಸಾಯನವಿಜ್ಞಾನಿ ಜಾರ್ಜ್ ಬೀಲ್ಬಿ ಇನ್ನೊಂದು ದಿಕ್ಕಿನಿಂದ ಬಂದರು. ಗೀರು ಪೂರ್ತಿ ಮಾಯವಾಗುವ ತನಕ ಅವರು ಮೇಲ್ಮೈಯನ್ನು ಉಜ್ಜಿದರು. ಆಮೇಲೆ ಮೇಲ್ಪದರವನ್ನು ಆಮ್ಲದಿಂದ ಹಿತವಾಗಿ ಕರಗಿಸಿದರು. ಏನಾಶ್ಚರ್ಯ! ಹೋಗಿದ್ದ ಗೀರುಗಳು ಮತ್ತೆ ಕಾಣಿಸಿಕೊಂಡವು. ಅಂದರೆ ಗೀರು ಹೋಗಿಯೇ ಇರಲಿಲ್ಲ, ಮುಚ್ಚಿಕೊಂಡಿತ್ತು!

ಉಜ್ಜುವಾಗ ಘನವಸ್ತುವಿನ ಮೇಲ್ಪದರ ಕ್ಷಣಕಾಲ ದ್ರವದಂತೆ ಹರಿದು, ತಗ್ಗುಗಳನ್ನು ಮುಚ್ಚಿ, ಸ್ಫಟಿಕರಚನೆ ಕಳೆದುಕೊಂಡು ಗಾಜಿನಂತೆ ಗಟ್ಟಿಯಾಗುತ್ತದೆ ಎಂಬುದು ಬೀಲ್ಬಿಯವರ ವಾದ. 1903ರಿಂದ ಪ್ರಬಂಧಗಳಲ್ಲಿ ಮಂಡಿಸಿದ ಇದನ್ನು 1921ರಲ್ಲಿ ಅವರು ಗ್ರಂಥರೂಪದಲ್ಲಿ ತಂದರು. 'ಬೀಲ್ಬಿ ಪದರ' ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. 1930ರ ದಶಕದಲ್ಲಿ ಹೊಳಪಿಸಿದ ಲೋಹಗಳ ಮೇಲೆ ನಡೆದ ಇಲೆಕ್ಟ್ರಾನ್ ವಿವರ್ತನೆಯ ಪ್ರಯೋಗಗಳು ಸ್ಪಷ್ಟ ಉಂಗುರಗಳ ಬದಲು ಮಸುಕಾದ ಪ್ರಭಾವಲಯಗಳನ್ನು ತೋರಿಸಿದಾಗ ವಾದಕ್ಕೆ ಇನ್ನಷ್ಟು ಬೆಂಬಲ ಸಿಕ್ಕಿತು.

ಕರ್ಪೂರ ಲೋಹವನ್ನು ಹೊಳಪಿಸಿತು!

ಹರಿಯಲು ಶಾಖ ಬೇಕಲ್ಲವೇ? ಕೇಂಬ್ರಿಜ್‌ನ ಬೌಡನ್ ಮತ್ತು ರಿಡ್ಲರ್ 1936ರಲ್ಲಿ, ಪರಸ್ಪರ ಉಜ್ಜುವ ಎರಡು ಬೇರೆ ಲೋಹಗಳನ್ನೇ ಉಷ್ಣಯುಗ್ಮವಾಗಿ ಬಳಸಿ, ಸ್ಪರ್ಶಬಿಂದುಗಳಲ್ಲಿ ಉಷ್ಣತೆ ನೂರಾರು ಡಿಗ್ರಿ ಏರುವುದನ್ನು ತೋರಿಸಿದರು. ಮರುವರ್ಷ ಬೌಡನ್ ಮತ್ತು ಹ್ಯೂಸ್ ಮಾಡಿದ ಪ್ರಯೋಗ ಇನ್ನೂ ಸೊಗಸಾದದ್ದು. ನಾವು ಆರತಿಗೆ ಹಚ್ಚುವ ಕರ್ಪೂರ ಮೃದುವಾದ ವಸ್ತು. ಅದು ಸುಮಾರು 178 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸುಮಾರು 70 ಡಿಗ್ರಿಯಲ್ಲೇ ಕರಗುವ ವುಡ್ಸ್ ಲೋಹ ಎಂಬ ಮಿಶ್ರಲೋಹವನ್ನು ಈ ಕರ್ಪೂರ ಹೊಳಪಿಸಬಲ್ಲದು. ಆದರೆ 232 ಡಿಗ್ರಿಯಲ್ಲಿ ಕರಗುವ ತವರದ ಮುಂದೆ ಅದರ ಆಟ ನಡೆಯುವುದಿಲ್ಲ. ಮುಖ್ಯವಾದದ್ದು ಗಡಸುತನವಲ್ಲ, ಕರಗುವ ಬಿಂದು ಎಂಬ ನಿರ್ಣಯ ಹೊರಬಿತ್ತು.

ಕರಗಿ ಹರಿಯುವ ಹೊಳಪಿಗೆ ನಮ್ಮ ನೆಲದಲ್ಲೇ ಉದಾಹರಣೆಯಿದೆ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಶಾಖಕ್ಕೆ ಅರಗು ಮೆತ್ತಗಾಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಒಣಗರಿಯನ್ನು ಒತ್ತಿದಾಗ ಆ ಮೆತ್ತನೆಯ ಪದರ ಸಮನಾಗಿ ಹರಡಿ ಫಳಫಳ ಹೊಳೆಯುತ್ತದೆ. ಇಲ್ಲಿ ಸವೆತಕ್ಕಿಂತ ಹರಿವೇ ಪ್ರಧಾನ. ಬೀಲ್ಬಿ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು.

ಓರೆಯಾಗಿ ಕತ್ತರಿಸಿ ನೋಡಿದಾಗ

ಆದರೆ ಅರಗಿಗೆ ಒಪ್ಪುವುದು ಎಲ್ಲಕ್ಕೂ ಒಪ್ಪಬೇಕೆಂದಿಲ್ಲ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಲೋಹವಿಜ್ಞಾನಿ ಲೆನಾರ್ಡ್ ಸ್ಯಾಮ್ಯುಯೆಲ್ಸ್ ಹೊಳಪಿಸಿದ ಲೋಹಗಳನ್ನು ಮೇಲ್ಮೈಗೆ ತೀರ ಓರೆಯಾಗಿ ಕತ್ತರಿಸಿ ಪರೀಕ್ಷಿಸಿದರು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವಂತೆ, ಹೀಗೆ ಕತ್ತರಿಸಿದಾಗ ತೆಳುಪದರದ ಆಳ ಹಲವು ಪಟ್ಟು ಹಿಗ್ಗಿ ಕಾಣುತ್ತದೆ. ಅವರಿಗೆ ಬೀಲ್ಬಿ ಪದರ ಕಾಣಲಿಲ್ಲ. ಕಂಡದ್ದು, ಅಪಘರ್ಷಕದ ಪ್ರತಿ ಕಣವೂ ಪುಟ್ಟ ಉಳಿಯಂತೆ ಲೋಹವನ್ನು ಹೆರೆದ ಗುರುತು ಮತ್ತು ಅದರಡಿ ಒತ್ತಡಕ್ಕೆ ರೂಪಗೆಟ್ಟ, ಆದರೂ ಸ್ಫಟಿಕವಾಗಿಯೇ ಉಳಿದ ಪದರ.

ಹಾಗಾದರೆ ಆಮ್ಲದಲ್ಲಿ ಮರಳಿ ಬಂದ ಗೀರುಗಳ ಕಥೆಯೇನು? ಹಳೆಯ ಗೀರಿನ ತಳದಲ್ಲಿ ಪದಾರ್ಥ ಹೆಚ್ಚು ರೂಪಗೆಟ್ಟಿರುತ್ತದೆ. ಗೀರು ಸವೆದುಹೋದರೂ ಈ ಗಾಯ ಒಳಗೆ ಉಳಿದಿರುತ್ತದೆ. ಆಮ್ಲ ಅಲ್ಲಿ ಬೇರೆ ವೇಗದಲ್ಲಿ ಕರಗಿಸುವುದರಿಂದ ಗೆರೆ ಮತ್ತೆ ಮೂಡುತ್ತದೆ. ಬೀಲ್ಬಿಯವರ ವೀಕ್ಷಣೆ ಸರಿಯಾಗಿತ್ತು, ವಿವರಣೆ ತಪ್ಪಾಗಿತ್ತು. ಅರ್ಧ ಶತಮಾನ ಪಠ್ಯಪುಸ್ತಕಗಳಲ್ಲಿದ್ದ ಸಿದ್ಧಾಂತವೊಂದು ಹೀಗೆ ಹಿಂದೆ ಸರಿಯಿತು. ವಿಜ್ಞಾನದಲ್ಲಿ ವೀಕ್ಷಣೆಗೂ ವಿವರಣೆಗೂ ನಡುವೆ ಇರುವ ಅಂತರವನ್ನು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಇಂದಿನ ತಿಳಿವಳಿಕೆಯಂತೆ ಎಲ್ಲ ಹೊಳಪಿಗೂ ಒಂದೇ ಕಾರಣವಿಲ್ಲ. ಲೋಹದಲ್ಲಿ ಸೂಕ್ಷ್ಮ ಹೆರೆತ ಮುಖ್ಯ. ಗಾಜಿನಲ್ಲಿ ನೀರು, ಸೀರಿಯಂ ಆಕ್ಸೈಡುಗಳ ರಾಸಾಯನಿಕ ಕ್ರಿಯೆಯೂ ಸೇರುತ್ತದೆ. ರೇಲೀ ಕಂಡ 'ಅಣುಮಟ್ಟದ ಕಳಚುವಿಕೆ'ಗೆ ಇದು ಹತ್ತಿರದ್ದು. ಅರಗಿನಲ್ಲಿ ಹರಿವು. ಕಾರಿನ ಹೊರಪದರ ಯಾವ ಗುಂಪಿಗೆ ಸೇರುತ್ತದೆ?

ಅರಗಿನಿಂದ ಕ್ಲಿಯರ್ ಕೋಟ್‌ಗೆ

ಮೊದಲ ಕಾರುಗಳಿಗೆ ಕುದುರೆಗಾಡಿಗಳಂತೆಯೇ ಎಣ್ಣೆಯ ವಾರ್ನಿಷ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಬಳಿದು, ಒಣಗಿಸಿ, ಉಜ್ಜಿ ಮುಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ 'ಡ್ಯೂಕೋ' ಎಂಬ ನೈಟ್ರೋಸೆಲ್ಯುಲೋಸ್ ಮೆರುಗು ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂದಿತು. ಒಣಗುವ ಕಾಲ ಗಂಟೆಗಳಿಗೆ ಇಳಿಯಿತು, ಬಗೆಬಗೆಯ ಬಣ್ಣಗಳು ಸಾಧ್ಯವಾದವು. ಆದರೆ ಇದಕ್ಕೆ ಹೊಳಪು ತಾನಾಗಿ ಬರುತ್ತಿರಲಿಲ್ಲ, ಕಾರ್ಖಾನೆಯಲ್ಲೇ ಉಜ್ಜಿ ತರಬೇಕಿತ್ತು.

1950ರ ದಶಕದ ಕೊನೆಗೆ ಬಂದ ಅಕ್ರಿಲಿಕ್ ಮೆರುಗಿನ ವಿಧಾನ ನಮ್ಮ ಕಥೆಗೆ ಹೊಂದುವಂಥದ್ದು. ಅದನ್ನು ಸ್ವಲ್ಪ ಬಿಸಿಮಾಡಿ, ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಬಿಸಿಮಾಡುತ್ತಿದ್ದರು. ಎರಡನೆಯ ಬಿಸಿಗೆ ಪದರ ಮೆದುವಾಗಿ ಹರಿದು ಉಪ್ಪುಕಾಗದದ ಗೀರುಗಳು ತಾವೇ ಮುಚ್ಚಿಕೊಳ್ಳುತ್ತಿದ್ದವು. ಇದು ಅಪ್ಪಟ ಹರಿವು, ಚನ್ನಪಟ್ಟಣದ ಅರಗಿನ ದಾರಿ.

1980ರ ದಶಕದಲ್ಲಿ ಎರಡು ಪದರಗಳ ಪದ್ಧತಿ ವ್ಯಾಪಕವಾಯಿತು. ಕೆಳಗೆ ಬಣ್ಣದ ತೆಳುಪದರ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ: ಇದೇ ಕ್ಲಿಯರ್ ಕೋಟ್. ಇದರ ಅಣುಸರಪಳಿಗಳು ಒಂದಕ್ಕೊಂದು ಅಡ್ಡಬಂಧಗಳಿಂದ ಬೆಸೆದುಕೊಂಡು ಬಲೆಯಾಗಿರುತ್ತವೆ. ಬಿಸಿಮಾಡಿದರೆ ಇದು ಸ್ವಲ್ಪ ಮೆದುವಾದೀತು, ಆದರೆ ಅರಗಿನಂತೆ ಕರಗಿ ಹರಿಯಲಾರದು. ಸ್ಥಿತಿಸ್ಥಾಪಕತೆ ಹೆಚ್ಚಿಸಿ, ನವಿರು ಗೀರುಗಳು ತಾವೇ ಹಿಮ್ಮರಳಿ ತುಂಬಿಕೊಳ್ಳುವಂಥ ಪದರವನ್ನು ನಿಸಾನ್ ಕಂಪನಿ 2005ರಲ್ಲಿ ಪ್ರಕಟಿಸಿತು. ಅಂಥ ವಿಶೇಷ ಪದರಗಳನ್ನು ಬಿಟ್ಟರೆ, ಕ್ಲಿಯರ್ ಕೋಟ್ ಮೇಲಿನ ಗೀರನ್ನು ಹೋಗಿಸಲು ಉಳಿದಿರುವ ನಿಜವಾದ ದಾರಿ ಒಂದೇ, ನ್ಯೂಟನ್ನರ ದಾರಿ: ಸವೆಸುವುದು.

ನಲವತ್ತು ಮೈಕ್ರೋಮೀಟರಿನ ಠೇವಣಿ

ಎಷ್ಟು ಸವೆಸಬಹುದು? ಕ್ಲಿಯರ್ ಕೋಟ್‌ನ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರೋಮೀಟರ್. ನಿಮ್ಮ ತಲೆಗೂದಲು ಇದಕ್ಕಿಂತ ದಪ್ಪ! ಇದು ಬಡ್ಡಿ ಬಾರದ ಠೇವಣಿ. ಪ್ರತಿ ಸಲ ಉಜ್ಜಿದಾಗಲೂ ಸ್ವಲ್ಪ ತೆಗೆಯುತ್ತೇವೆ, ಮತ್ತೆ ಕಟ್ಟುವ ಮಾತಿಲ್ಲ.

ಈ ಪದರದೊಳಗೆ ಅತಿನೇರಿಳೆ ಕಿರಣಗಳನ್ನು ಹೀರುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಇಲ್ಲಿ ಬಿಯರ್–ಲ್ಯಾಂಬರ್ಟ್ ನಿಯಮವನ್ನು ನೆನಪಿಸಿಕೊಳ್ಳಿ. 40 ಮೈಕ್ರೋಮೀಟರಿನ ಪದರ ಯಾವುದೋ ತರಂಗಾಂತರದ ಅತಿನೇರಿಳೆಯನ್ನು ಶೇಕಡ 1ರಷ್ಟು ಮಾತ್ರ ಕೆಳಗೆ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ದಪ್ಪ 30ಕ್ಕೆ ಇಳಿದರೆ ಶೇಕಡ 3ಕ್ಕೂ ಹೆಚ್ಚು ಇಳಿಯುತ್ತದೆ. 20ಕ್ಕೆ ಇಳಿದರೆ ಶೇಕಡ 10! ದಪ್ಪ ಅರ್ಧವಾದರೆ ಅಪಾಯ ಎರಡಲ್ಲ, ಹತ್ತು ಪಟ್ಟು. ಅತಿಯಾಗಿ ಉಜ್ಜಿದ ಕಾರು ಕೆಲವು ವರ್ಷಗಳ ನಂತರ ಬಿಳಿಬಿಳಿಯಾಗಿ ಸಿಪ್ಪೆ ಏಳುವುದರ ಹಿಂದೆ ಈ ಘಾತೀಯ ಲೆಕ್ಕವಿದೆ. ಹಾಗೆ ಸಿಪ್ಪೆ ಎದ್ದ ಮೇಲೆ ಯಾವ ಪಾಲಿಶ್ ಕೂಡ ಪ್ರಯೋಜನವಿಲ್ಲ. ಹೊಸ ಪದರ ಸಿಂಪಡಿಸಲೇಬೇಕು.

ಮನೆಯಲ್ಲಿ ಕೆಲಸಕ್ಕೆ ತೊಡಗುವಾಗ

ಇಷ್ಟು ಚರಿತ್ರೆ ತಿಳಿದ ಮೇಲೆ ಕ್ರಮ ಸುಲಭ. ಕಾರನ್ನು ನೆರಳಿನಲ್ಲಿ ತಣ್ಣಗೆ ನಿಲ್ಲಿಸಿ ಚೆನ್ನಾಗಿ ತೊಳೆಯಿರಿ. ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟ್‌ಗಿಂತ ಬಹಳ ಗಟ್ಟಿ. ಪ್ರತಿದಿನ ಬೆಳಿಗ್ಗೆ ಒಣಬಟ್ಟೆಯಿಂದ ಕಾರು ಒರೆಸುವುದೆಂದರೆ ನಾವೇ ಉಪ್ಪುಕಾಗದ ಹಿಡಿದಂತೆ. ಅರ್ಧದಷ್ಟು ಗೀರುಗಳ ಮೂಲ ಅಡಿಗೆಮನೆಯ ಹಳೆಯ ಬಟ್ಟೆಯೇ ಇದ್ದರೂ ಆಶ್ಚರ್ಯವಿಲ್ಲ.

ಮುಂದೆ, ಗೀರಿನ ಮೇಲೆ ನೀರು ಹನಿಸಿ ನೋಡಿ. ಕ್ಲಿಯರ್ ಕೋಟ್‌ನ ವಕ್ರೀಭವನಾಂಕ ಸುಮಾರು 1.5, ಗಾಳಿಯದು 1. ಇವೆರಡರ ಗಡಿಯಲ್ಲಿ ಶೇಕಡ 4ರಷ್ಟು ಬೆಳಕು ಪ್ರತಿಫಲಿಸುತ್ತದೆ. ಗೀರಿನಲ್ಲಿ 1.33 ವಕ್ರೀಭವನಾಂಕದ ನೀರು ತುಂಬಿದರೆ ಇದು ಶೇಕಡ 0.4ಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ಆಳವಿಲ್ಲದ ಗೀರು ಒದ್ದೆಯಾದಾಗ ಮರೆಯಾಗುತ್ತದೆ. ಒದ್ದೆಯಾದರೂ ಕಾಣುವ, ಉಗುರಿಗೆ ತಡೆಯುವ ಗೀರು ಆಳವಾದದ್ದು. ಅದನ್ನು ಪೂರ್ತಿ ಹೋಗಿಸುವ ಹಟ ಬೇಡ.

ಈಗ ಅಂಗೈಯಗಲದ ಜಾಗ ಆರಿಸಿ, ಅತ್ಯಂತ ನುಣುಪಾದ ಪಾಲಿಶ್‌ನಿಂದಲೇ ಆರಂಭಿಸಿ. ಅದು ಸಾಲದಿದ್ದರೆ ಮಾತ್ರ ತುಸು ಒರಟಾದ ಕಾಂಪೌಂಡ್. ಬಿಳಿಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ, ಒಂದೋ ಅದು ಕ್ಲಿಯರ್ ಕೋಟ್ ಇಲ್ಲದ ಹಳೆಯ ಮಾದರಿ, ಇಲ್ಲವೇ ನೀವು ಪದರ ದಾಟಿದ್ದೀರಿ. ತಕ್ಷಣ ನಿಲ್ಲಿಸಿ. ವಾಟರ್ ಪೇಪರ್ ಬಳಸುವುದು ಕೊನೆಯ ಉಪಾಯ. 2000 ನಂಬರಿನ ಕಾಗದದ ಕಣಗಳೇ ಸುಮಾರು 10 ಮೈಕ್ರೋಮೀಟರಿನವು. ಬಳಸಲೇಬೇಕಾದರೆ ನೀರಿನಲ್ಲಿ ನೆನೆಸಿ, ಒಂದು ದಿಕ್ಕಿನಲ್ಲಿ ಹಗುರವಾಗಿ ತಿಕ್ಕಿ, ಇನ್ನೂ ನುಣ್ಣನೆಯ ಕಾಗದವನ್ನು ಅದಕ್ಕೆ ಅಡ್ಡಲಾಗಿ ಆಡಿಸಿ. ಹಿಂದಿನ ದಿಕ್ಕಿನ ಗೆರೆಗಳು ಮಾಯವಾದವೆಂದರೆ ಆ ಹಂತ ಮುಗಿಯಿತು. ದೊಡ್ಡ ಗೀರಿಗೆ ಚಿಕ್ಕ ಗೀರು, ಚಿಕ್ಕದಕ್ಕೆ ಇನ್ನೂ ಚಿಕ್ಕದು: ಅದೇ ನ್ಯೂಟನ್ ಸೂತ್ರ. ಅಂಚು, ಮೂಲೆಗಳಲ್ಲಿ ಪದರ ಮೊದಲೇ ತೆಳು, ಸಂಪರ್ಕದ ವಿಸ್ತೀರ್ಣ ಕಡಿಮೆಯಾದ್ದರಿಂದ ಒತ್ತಡವೂ ಹೆಚ್ಚು. ಅವುಗಳ ಗೋಜಿಗೆ ಹೋಗಬೇಡಿ.

ಕೊನೆಯದಾಗಿ ಬೀಲ್ಬಿಯವರ ಪರೀಕ್ಷೆ. ಅನೇಕ ಪಾಲಿಶ್‌ಗಳಲ್ಲಿ ಎಣ್ಣೆ, ಮೇಣಗಳು ಇರುತ್ತವೆ. ಅವು ಗೀರಿನೊಳಗೆ ತುಂಬಿಕೊಂಡು, ನೀರಿನಂತೆಯೇ, ಅದನ್ನು ಕಾಣದಂತೆ ಮಾಡುತ್ತವೆ. ನಾಲ್ಕು ಸಲ ತೊಳೆದರೆ ಗೀರು ಮರಳಿ ಬರುತ್ತದೆ. ಆದ್ದರಿಂದ ಉಜ್ಜಿದ ಜಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೃದುವಾಗಿ ಒರೆಸಿ ನೋಡಿ. ಗೀರು ಮತ್ತೆ ಕಂಡರೆ ಅದು ಸವೆದಿರಲಿಲ್ಲ, ತುಂಬಿತ್ತು. ಹಾಗೆಂದು ತುಂಬುವುದು ಮೋಸವೇನಲ್ಲ. ಆಳವಾದ ಗೀರಿನ ವಿಷಯದಲ್ಲಿ ಅದೇ ಜಾಣತನ, ಏಕೆಂದರೆ ಠೇವಣಿ ಕರಗುವುದಿಲ್ಲ. ಆದರೆ ಯಾವುದು ಸವೆದದ್ದು, ಯಾವುದು ತುಂಬಿದ್ದು ಎಂಬುದು ನಮಗೆ ತಿಳಿದಿರಬೇಕು, ವಿಶೇಷವಾಗಿ ಹಳೆಯ ಕಾರು ಕೊಳ್ಳುವಾಗ.

ಶಿಕ್ಷಕ ಮಿತ್ರರಿಗೆ ಒಂದು ಸಲಹೆ. ಗೀರು ಬಿದ್ದ ಹಳೆಯ ಅಕ್ರಿಲಿಕ್ ಹಾಳೆಯ ಚೂರೊಂದನ್ನು ತರಗತಿಗೆ ತನ್ನಿ. ಅರ್ಧ ಭಾಗಕ್ಕೆ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಹತ್ತು ನಿಮಿಷ ಉಜ್ಜಿ ತೊಳೆಯಲಿ, ಇನ್ನರ್ಧಕ್ಕೆ ತೆಳುವಾಗಿ ಎಣ್ಣೆ ಸವರಲಿ. ಎರಡೂ ಒಂದೇ ಬಗೆಯಾಗಿ ಹೊಳೆದಾವು. ಆಮೇಲೆ ಹಾಳೆಯನ್ನು ಪೂರ್ತಿ ಸೋಪಿನಿಂದ ತೊಳೆಸಿ, ಬಲ್ಬಿನ ಬೆಳಕಿಗೆ ಹಿಡಿಸಿ, ಎರಡು ಭಾಗಗಳನ್ನೂ ಹೋಲಿಸಲು ಹೇಳಿ. ಗೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ನೀವು ಕೇಳುವ ಮೊದಲೇ ಮಕ್ಕಳು ಕೇಳುತ್ತಾರೆ.